ಚೀಟಿಯಲ್ಲಿಲ್ಲದ ಗಾಡಿ

ನಮ್ಮ ಊರು ಹ್ಯಾಡ್ಲಿ ಟ್ಯಾಂಕ್ ಹುಟ್ಟಿದ್ದೇ ಇಂಜಿನ್ನಿನ ಬಾಯಾರಿಕೆಯಿಂದ. ಮೊದಲು ಊರಿದ್ದದ್ದು ಎರಡು ಮೈಲಿ ದಕ್ಷಿಣಕ್ಕೆ, ಹೊಳೆಯ ದಂಡೆಯಲ್ಲಿ. ರೈಲು ಕಂಪನಿಯವರು ಊರನ್ನು ತಿರುಗಿಯೂ ನೋಡದೆ ನೆಬ್ರಾಸ್ಕಾದ ಬಟಾಬಯಲಿನಲ್ಲಿ ಹಳಿ ಹಾಸಿ, ಹ್ಯಾಡ್ಲಿ ಅನ್ನುವವನ ಹೊಲದಂಚಿಗೆ ನೀರಿನ ಟ್ಯಾಂಕು ನಿಲ್ಲಿಸಿ, ಪಕ್ಕದಲ್ಲಿ ಹಳದಿ ಬಣ್ಣದ ಡಿಪೋ, ಅಂದರೆ ಸ್ಟೇಷನ್ನು, ಕಟ್ಟಿದರು. ರೈಲು ಊರಿಗೆ ಬರಲಿಲ್ಲ, ಸರಿ, ಊರೇ ರೈಲಿನ ಹತ್ತಿರ ಹೋಗಲಿ ಅಂತ ಹಿರಿಯರು ಮನೆಗಳ ಕೆಳಗೆ ದಿಮ್ಮಿ ಕೊಟ್ಟು, ಹದಿನಾರು ಎತ್ತು ಹೂಡಿ, ಒಂದೊಂದನ್ನೇ ಎಳೆದು ತಂದರು. ಎಲ್ಲಕ್ಕಿಂತ ಮೊದಲು ಬಂದು ಸೇರಿದ್ದು ಸಲೂನು, ಅಂದರೆ ಹೆಂಡದಂಗಡಿ. ಚರ್ಚು ಮಾತ್ರ ಮೂರು ವಾರ ದಾರಿಯ ಕೆಸರಿನಲ್ಲೇ ಕೂತಿತ್ತು. ಭಾನುವಾರ ಜನ ಅಲ್ಲಿಗೇ ನಡೆದು ಹೋಗಿ ಪ್ರಾರ್ಥನೆ ಮಾಡಿ ಬಂದರಂತೆ.

ಆ ಡಿಪೋದ ಮಹಡಿಯ ಮೇಲೆ ಹುಟ್ಟಿದವಳು ಲವೀನಾ ಟ್ರಾಸ್ಕ್. ಅಪ್ಪ ಏಮಸ್ ಟ್ರಾಸ್ಕ್ ಇಲ್ಲಿಯ ಮೊದಲ ಏಜೆಂಟು. ಟಿಕೆಟ್ ಕೊಡುವವನೂ ಅವನೇ, ತಂತಿ ಒತ್ತುವವನೂ ಅವನೇ, ರೈತರು ತಂದ ಕೆನೆಯ ಕ್ಯಾನು ತೂಗಿ ಗಾಡಿಗೆ ಏರಿಸುವವನೂ ಅವನೇ. ಮಗಳು ಒಂಬತ್ತು ವರ್ಷಕ್ಕೇ ತಂತಿಯ ಟಕಟಕ ಕಲಿತಳು. ಮೂವತ್ತೆರಡನೆಯ ವಯಸ್ಸಿಗೆ, ಅಪ್ಪ ಸತ್ತ ವಾರವೇ, ಅದೇ ಕುರ್ಚಿಯಲ್ಲಿ ಕೂತಳು. ಅದಕ್ಕೂ ಮುಂಚೆ ಬೀಜದ ವ್ಯಾಪಾರಿಯೊಬ್ಬ ಮದುವೆಗೆ ಕೇಳಿದ್ದ. ಒಮಾಹಾಕ್ಕೆ ಬರಬೇಕು ಅಂದ. "ಅಲ್ಲಿ ನಂಗೇನು ಕೆಲ್ಸ? ಇಲ್ಲಾದ್ರೆ ಗಾಡಿನೇ ನನ್ನ ಹತ್ರ ಬರುತ್ತೆ" ಅಂದು ಕಳಿಸಿಬಿಟ್ಟಳಂತೆ. ಈ ಕತೆ ನಡೆದಾಗ ಅವಳಿಗೆ ನಲವತ್ತನಾಲ್ಕು. ಉದ್ದ ಮೂಗು, ಕಡ್ಡಿ ಮುರಿದ ಹಾಗೆ ಮಾತು, ಕೆಲಸದಲ್ಲಿ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಇಲ್ಲದಿರಲೇಬೇಕಿತ್ತು. ಕಂಪನಿಗೆ ನಮ್ಮ ಡಿಪೋದ ಮೇಲೆ ಕಣ್ಣು ಬಿದ್ದು ಮೂರು ವರ್ಷವಾಗಿತ್ತು. ಇಷ್ಟು ಚಿಕ್ಕ ಊರಿಗೆ ಏಜೆಂಟು ಯಾಕೆ, ಬಾಗಿಲು ಹಾಕಲು ಅಪ್ಪಣೆ ಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ದರು. ಇಡೀ ಊರು ಸಹಿ ಹಾಕಿ ತಡೆದಿತ್ತು. ಏಜೆಂಟಿನ ಮೇಲೆ ಒಂದೇ ಒಂದು ದೂರಿಲ್ಲ, ಇರಲಿ ಬಿಡಿ ಅಂತ ಸರ್ಕಾರವೂ ಅಂದಿತ್ತು. ಅಂದರೆ ಅರ್ಥ ಇಷ್ಟೇ: ಲವೀನಾ ಒಂದು ತಪ್ಪು ಮಾಡಿದರೆ ಡಿಪೋ ಹೋಯಿತು. ಡಿಪೋ ಹೋದರೆ ಕೆನೆ ಹೋಯಿತು, ಟಪಾಲು ಹೋಯಿತು, ಅದರ ಹಿಂದೆ ಅಂಗಡಿಯೂ ಹೋಯಿತು. ಇದು ಊರಿನ ಎಳೆ ಮಗುವಿಗೂ ಗೊತ್ತಿತ್ತು. ಲವೀನಾಗಂತೂ ನಿದ್ದೆಯಲ್ಲೂ ಗೊತ್ತಿತ್ತು.

ಊರಲ್ಲಿ ಕಂಪನಿಯ ಸಂಬಳ ತಿನ್ನುವವನು ಇನ್ನೊಬ್ಬನಿದ್ದ: ಹಳಿ ಗ್ಯಾಂಗಿನ ಮೇಸ್ತ್ರಿ ವೆನ್ಸೆಲ್ ಹ್ರುಸ್ಕಾ. ಬೊಹೀಮಿಯಾ ಕಡೆಯವನು, ಎತ್ತಿನ ಹೆಗಲು, ಎತ್ತಿನದೇ ಹಠ. ಅವನೂ ಲವೀನಾಳೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಕೇಳಿದರೆ ನಗು ಬರುತ್ತದೆ. ಡಿಪೋಗಳ ಹೂತೋಟಕ್ಕೆ ಕಂಪನಿ ವರ್ಷಕ್ಕೊಮ್ಮೆ ಬಹುಮಾನ ಕೊಡುತ್ತಿತ್ತು. ಬಹುಮಾನದವರು ನೋಡಲು ಬರುವ ಹಿಂದಿನ ದಿನ ಹ್ರುಸ್ಕಾನ ಗ್ಯಾಂಗು ಹಳಿಬದಿಯ ಕಳೆ ಸುಡುತ್ತಾ ಬಂದು ಲವೀನಾಳ ಹೂವಿನ ಪಾತಿಯನ್ನೂ ಸುಟ್ಟು ಬೂದಿ ಮಾಡಿತು. ಅವಳು ಮೇಲಿನವರಿಗೆ ಬರೆದಳು. ಅವನನ್ನು ಐದು ದಿನ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. "ಒಂದು ಮಾತು ನನಗೆ ಹೇಳಿದ್ರೆ ನಾನೇ ಗಿಡ ನೆಟ್ಟುಕೊಡ್ತಿದ್ದೆ" ಅಂತ ಅವನು. "ಒಂದು ಮಾತು ತಪ್ಪಾಯ್ತು ಅಂದಿದ್ರೆ ನಾನು ಬರೀತಾನೇ ಇರ್ಲಿಲ್ಲ" ಅಂತ ಇವಳು. ಇಬ್ಬರೂ ಇದನ್ನು ಊರಿಗೆಲ್ಲ ಹೇಳಿದರು, ಒಬ್ಬರಿಗೊಬ್ಬರು ಮಾತ್ರ ಹೇಳಲಿಲ್ಲ.

ಆದರೆ ದಿನಾ ಮುಖ ನೋಡುವುದು ತಪ್ಪುತ್ತಿರಲಿಲ್ಲ. ಬೆಳಗ್ಗೆ ಏಳಕ್ಕೆ, ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರು ತಂತಿಯಲ್ಲಿ ಆ ದಿನದ ಗಾಡಿಗಳ ಪಟ್ಟಿ ಕಳಿಸುತ್ತಿದ್ದ. ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ. ಲವೀನಾ ಅದನ್ನು ಚೀಟಿಯಲ್ಲಿ ಬರೆದು ಮೇಸ್ತ್ರಿಗೆ ಕೊಡಬೇಕು. ಗ್ಯಾಂಗಿನವರು ಹಳಿಯ ಮೇಲೆ ಟ್ರಾಲಿ ಇಟ್ಟು ಹೊರಡುವುದು ಆ ಚೀಟಿಯನ್ನೇ ನಂಬಿ. ಮೇಸ್ತ್ರಿ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಏಜೆಂಟು ಕೇಳಿ ಹೌದು ಅನ್ನಬೇಕು ಅಂತ ನಿಯಮ. ಮಾತು ಬಿಟ್ಟವರು ಓದುವುದೆಲ್ಲಿ, ಕೇಳುವುದೆಲ್ಲಿ? ಅವಳು ಕಿಟಕಿಯಿಂದ ಚೀಟಿ ತಳ್ಳುತ್ತಿದ್ದಳು. ಅವನು ಟೋಪಿಯನ್ನೂ ಮುಟ್ಟದೆ ಜೇಬಿಗೆ ಇಳಿಸಿ ಹೋಗುತ್ತಿದ್ದ. ಆರು ವರ್ಷ ಹೀಗೇ ನಡೆಯಿತು, ಏನೂ ಆಗಲಿಲ್ಲ.

ಸಾವಿರದ ಒಂಬೈನೂರ ಇಪ್ಪತ್ತಾರರ ಏಪ್ರಿಲ್, ಸೋಮವಾರ. ಹಿಂದಿನ ದಿನದ ಗಾಡಿಯಲ್ಲಿ ಕೋಳಿಮರಿಗಳ ಪೆಟ್ಟಿಗೆಗಳು ಬಂದಿದ್ದವು. ಮರಿ ಮಾರುವ ಕಾಲ ಅದು. ಇಪ್ಪತ್ತು ಪೆಟ್ಟಿಗೆ, ಪೆಟ್ಟಿಗೆಗೆ ನೂರು ಮರಿ. ಡಿಪೋ ತುಂಬ ಚಿಯ್ ಚಿಯ್ ಚಿಯ್. ತಂತಿಯ ಸದ್ದು ಕೇಳಲೆಂದು ಲವೀನಾ ಯಂತ್ರದ ಹಿಂದೆ ತಂಬಾಕಿನ ತಗಡಿನ ಡಬ್ಬಿ ಸಿಕ್ಕಿಸಿಟ್ಟಿದ್ದಳು, ಸದ್ದು ಅದರೊಳಗೆ ಗಡಸಾಗುತ್ತಿತ್ತು. ಆದರೂ ಆ ಬೆಳಗ್ಗೆ ಕಿವಿ ನಿಗುರಿಸಿಯೇ ಕೂತಿದ್ದಳು.

ತಂತಿಯವರಿಗೆ ಒಂದು ಚಾಳಿ ಇದೆ. ಕಿವಿಗೆ ಬಿದ್ದ ಮಾತನ್ನು ಆಗಲೇ ಬರೆಯುವವನು ಹೊಸಬ. ಪಳಗಿದವರು ಆರೇಳು ಮಾತು ಹಿಂದೆ ಬರೆಯುತ್ತಾರೆ. ಮುಂದಿನದು ಕಿವಿಯೊಳಗೆ ಕಾಯುತ್ತಿರುತ್ತದೆ, ಕೈ ಹಿಂದಿನದನ್ನು ನಿಧಾನವಾಗಿ ಇಳಿಸುತ್ತಿರುತ್ತದೆ. ಲವೀನಾ ಇದರಲ್ಲಿ ಎತ್ತಿದ ಕೈ. ಹತ್ತು ಮಾತು ಕಿವಿಯಲ್ಲಿಟ್ಟುಕೊಂಡು, ನಡುವೆ ಒಂದು ಟಿಕೆಟ್ ಹರಿದು ಕೊಟ್ಟು, ಮತ್ತೆ ಬರೆಯುತ್ತಿದ್ದಳು. ಅದರ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಟ್ಟಿ ಮುಗಿಯುತ್ತಾ ಬಂದಿತ್ತು. ಕೊನೆಯ ಹತ್ತು ಮಾತು ಕಿವಿಯಲ್ಲಿತ್ತು. ಊರಿನ ರೈತ ಸೆತ್ ಬೋಮನ್ ಕಿಟಕಿಗೆ ತಲೆ ತೂರಿಸಿದ.

"ಲವೀನಾ, ನನ್ನ ಮರಿ ಬಂದ್ವಾ? ಒಂದಾದ್ರೂ ಸತ್ತಿದ್ರೆ ನಾನು ತಗೊಳಲ್ಲ, ಈಗ್ಲೇ ಹೇಳಿದೀನಿ."

"ಎಡಗಡೆ ಮೂರನೇ ಪೆಟ್ಟಿಗೆ. ಸತ್ತಿರೋದು ಒಂದೂ ಇಲ್ಲ, ಕಿರಿಚ್ಕೊಳ್ಳೋದು ಕೇಳ್ಸಲ್ವಾ ನಿನಗೆ?"

ಅವನು ನಕ್ಕ. ಇವಳು ಕೊನೆಯ ಗೆರೆ ಎಳೆದು ಸಹಿ ಹಾಕಿ, ಚೀಟಿ ಹರಿದು, ಪಕ್ಕದ ಕಿಟಕಿಯಲ್ಲಿ ನಿಂತಿದ್ದ ಹ್ರುಸ್ಕಾನ ಕಡೆ ತಳ್ಳಿದಳು. ಅವನು ಜೇಬಿಗೆ ಇಳಿಸಿದ. ಐದು ಜನ ಟ್ರಾಲಿ ಹತ್ತಿ ಪೂರ್ವಕ್ಕೆ ಹೋದರು.

ಒಂಬತ್ತು ಗಂಟೆ ಐದು ನಿಮಿಷಕ್ಕೆ ತಂತಿ ಮತ್ತೆ ಬಡಿಯಿತು. ಪೂರ್ವದ ಪಕ್ಕದ ಸ್ಟೇಷನ್ ಆರಿನ್. ಅಲ್ಲಿಯವನು ದಿನದ ವರದಿ ಒತ್ತುತ್ತಿದ್ದ: ವಿಶೇಷ ಗೂಡ್ಸ್ ನಾನೂರ ಹನ್ನೆರಡು, ಪಶ್ಚಿಮಕ್ಕೆ, ಆರಿನ್ ದಾಟಿತು, ಒಂಬತ್ತು ಮೂರು.

ಲವೀನಾಳ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಯಾವ ಗೂಡ್ಸ್? ಪುಸ್ತಕದಲ್ಲಿ ಚೀಟಿಯ ನಕಲು ತೆಗೆದು ನೋಡಿದಳು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ. ಹತ್ತು ನಲವತ್ತರವರೆಗೆ ಪೂರ್ವದಿಂದ ಗಾಡಿಯೇ ಇರಲಿಲ್ಲ. ಆಗ ಕಿವಿಯಲ್ಲಿ ಆ ಹತ್ತು ಮಾತು ಎದ್ದು ಬಂದವು, ಎರಡು ಗಂಟೆ ತಡವಾಗಿ, ಒಂದೂ ತಪ್ಪಿಲ್ಲದೆ. ಕಂಟ್ರೋಲರು ಹೇಳಿದ್ದ. ಅವಳು ಕೇಳಿದ್ದಳು. ಬರೆದಿರಲಿಲ್ಲ. ಹ್ರುಸ್ಕಾ ಕಿಟಕಿಯಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಓದಿದ್ದರೂ ಅವಳ ಕಿವಿ ಎಚ್ಚರವಾಗುತ್ತಿತ್ತು.

ಗ್ಯಾಂಗು ಇದ್ದದ್ದು ಪಾರ್ಮ್‌ಲಿ ಕೊರಕಲಿನಲ್ಲಿ. ಗುಡ್ಡ ಕಡಿದು ಹಳಿ ಬಾಗಿಸಿದ ಜಾಗ, ಎರಡೂ ಕಡೆ ಮಣ್ಣಿನ ಗೋಡೆ, ಓಡಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ಡ್ರೈವರಿಗೆ ತಿರುವಿನಾಚೆ ಏನೂ ಕಾಣುವುದಿಲ್ಲ. ಗಾಳಿ ಬೇರೆ ಪಶ್ಚಿಮದಿಂದ ಬೀಸುತ್ತಿತ್ತು, ಪೂರ್ವದಿಂದ ಬರುವ ಗಾಡಿಯ ಸದ್ದು ಅವರಿಗೆ ಕೇಳುವ ಹಾಗೇ ಇರಲಿಲ್ಲ. ಆರಿನ್ನಿಂದ ಅಲ್ಲಿಗೆ ಆರು ಮೈಲಿ. ಹದಿನಾಲ್ಕು ನಿಮಿಷ. ಅದರಲ್ಲಿ ಮೂರು ಆಗಲೇ ಹೋಗಿತ್ತು.

ಗೋಡೆಯ ಫೋನಿಗೆ ಹಾರಿದಳು. ನಮ್ಮಲ್ಲಿ ಒಂದೇ ತಂತಿಗೆ ಹದಿನೆಂಟು ಮನೆ. ಒಂದೊಂದು ಮನೆಗೆ ಒಂದೊಂದು ಥರದ ಗಂಟೆ, ಆದರೆ ಯಾರಿಗೆ ಬಂದರೂ ಎಲ್ಲರೂ ಎತ್ತಿ ಕೇಳುವುದು ವಾಡಿಕೆ. ಅದರಲ್ಲೂ ಕೊರಕಲಿನ ಬಾಯಿಯಲ್ಲೇ ಮನೆಯಿದ್ದ ಎಫಿ ಪಾರ್ಮ್‌ಲಿ ರಿಸೀವರನ್ನು ಹೆಗಲಿಗೆ ಕಟ್ಟಿಕೊಂಡೇ ಬೆಣ್ಣೆ ಕಡೆಯುತ್ತಾಳೆ ಅಂತ ಮಾತು. ಎಫಿಯ ಗಂಟೆಯನ್ನು ತಿರುಗಿಸಿದಳು: ಎರಡು ಗಿಡ್ಡ, ಒಂದು ಉದ್ದ. ಉತ್ತರವಿಲ್ಲ. ಸೋಮವಾರ, ಬಟ್ಟೆ ಒಗೆಯುವ ದಿನ, ಎಫಿ ಅಂಗಳದಲ್ಲಿದ್ದಾಳೆ. ಉಳಿದದ್ದು ಒಂದೇ ದಾರಿ. ಹಿಡಿಕೆ ಹಿಡಿದು ಬಿಡದೆ ತಿರುಗಿಸಿದಳು. ಬೆಂಕಿಗೂ ಸುಂಟರಗಾಳಿಗೂ ಮಾತ್ರ ಹೊಡೆಯುವ ಉದ್ದ ಗಂಟೆ.

ಹದಿನೆಂಟು ಮನೆಯೂ ಎತ್ತಿತು. ಎಲ್ಲರೂ ಒಟ್ಟಿಗೆ ಎತ್ತಿದರೆ ಬ್ಯಾಟರಿ ಸೋತು ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಬಾವಿಯ ತಳದಿಂದ ಬಂದ ಹಾಗೆ ಗುಜುಗುಜು.

"ಎಲ್ಲಿ ಬೆಂಕಿ? ಎಲ್ಲಿ?"

"ಬೋಮನ್ನನ ಕಣಜಾನಾ?"

"ಎಫೀ! ಎಫೀ ಇದೀಯಾ?" ಲವೀನಾ ಕಿರುಚಿದಳು.

ದೂರದಲ್ಲಿ ಎಫಿಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಎಫಿ ಕದ್ದು ಕೇಳುತ್ತಿದ್ದಾಳೆ ಅಂತ ಊರಿಗೆಲ್ಲ ಗೊತ್ತಾಗುತ್ತಿದ್ದದ್ದು ಆ ಗಡಿಯಾರದಿಂದಲೇ. "ಏನಂದೆ? ಕೇಳ್ಸಲ್ಲ ಕಣೇ!" ಅನ್ನುವುದು ಎಳೆಯಷ್ಟು ಕೇಳಿಸಿತು.

"ಉಳಿದವರೆಲ್ಲ ಇಡ್ರೀ ಫೋನು! ಎಫಿ ಒಬ್ಳೇ ಇರ್ಲಿ! ಇಡಿ!"

ಯಾರೂ ಇಡಲಿಲ್ಲ. ಯಾಕೆ ಇಡುತ್ತಾರೆ? ಇಷ್ಟು ವರ್ಷದಲ್ಲಿ ಉದ್ದ ಗಂಟೆ ಹೊಡೆದದ್ದು ನಾಲ್ಕೇ ಸಲ. ಲವೀನಾ ಗಡಿಯಾರ ನೋಡಿದಳು. ಒಂಬತ್ತು ಎಂಟು. ಏನು ಹೇಳಿದರೆ ಇಡುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಹೇಳಿದರೆ ಹದಿನೆಂಟು ಮನೆಗೂ ಗೊತ್ತಾಗುತ್ತದೆ ಅನ್ನುವುದೂ ಗೊತ್ತಿತ್ತು. ಅದನ್ನು ತೂಗಿ ನೋಡುವಷ್ಟು ಹೊತ್ತೂ ಇರಲಿಲ್ಲ.

"ಕೇಳ್ರೀ! ನಾನು ತಪ್ಪು ಮಾಡಿದೀನಿ. ಚೀಟೀಲಿ ಒಂದು ಗಾಡಿ ಬರೀದೇ ಬಿಟ್ಟಿದೀನಿ. ಅದು ಬರ್ತಾ ಇದೆ, ಕೊರಕಲಲ್ಲಿ ಹ್ರುಸ್ಕಾನ ಗ್ಯಾಂಗು ಇದೆ. ಐದು ಜನ ಸಾಯ್ತಾರೆ, ನಿಮ್ಮ ದಮ್ಮಯ್ಯ ಇಡ್ರೀ!"

ಕ್ಲಿಕ್. ಕ್ಲಿಕ್. ಕ್ಲಿಕ್ ಕ್ಲಿಕ್. ಹುರಿಯುವಾಗ ಕಡಲೆ ಸಿಡಿದ ಹಾಗೆ ಒಂದೊಂದೇ ಮನೆ ಇಟ್ಟಿತು. ಎಫಿಯ ಗಡಿಯಾರ ಹತ್ತಿರ ಹತ್ತಿರ ಬಂತು. ಆದರೆ ಇನ್ನೂ ಸಾಕಷ್ಟು ಹತ್ತಿರ ಬರಲಿಲ್ಲ. ಇನ್ನೊಂದು ಮನೆ ಇಟ್ಟಿರಲಿಲ್ಲ. ಯಾರೋ ಏದುಸಿರು ಬಿಡುತ್ತಿದ್ದರು.

ಹ್ರುಸ್ಕಾನ ಹೆಂಡತಿ ಲುದ್ಮಿಲಾ. ಐದು ಜನರಲ್ಲಿ ಅವಳ ಗಂಡನೂ ಇದ್ದ, ತಮ್ಮನೂ ಇದ್ದ.

"ಲುದ್ಮಿಲಾ, ನೀನೂ ಇಡು."

ಉಸಿರು ಇನ್ನೂ ಜೋರಾಯಿತು.

"ಇಡಮ್ಮಾ. ನೀನು ಇಟ್ರೆ ಎಫಿಗೆ ಕೇಳುತ್ತೆ. ನಿನ್ನ ಕಾಲಿಗೆ ಬೀಳ್ತೀನಿ, ಇಡು."

"ಅವ್ರು..." ಅಂದಳು ಲುದ್ಮಿಲಾ. ಕ್ಲಿಕ್.

ಎಫಿಯ ದನಿ ಕಿವಿಗೇ ಬಡಿಯಿತು. "ಹೇಳು ಲವೀನಾ!"

"ಕೆಂಪು ಬಟ್ಟೆ ಏನಾದ್ರೂ ತಗೊಂಡು ಹಳಿಗೆ ಓಡು. ಕೊರಕಲಿನ ಈಚೆ ಅಲ್ಲ, ಪೂರ್ವದ ಕಡೆ. ಗಾಡಿ ನಿಲ್ಲಿಸು. ಎಂಟು ನಿಮಿಷ ಇದೆ, ಓಡು!"

ರಿಸೀವರು ಇಡುವ ಸದ್ದೂ ಬರಲಿಲ್ಲ. ಅದು ಗೋಡೆಗೆ ಬಡಿದುಕೊಂಡು ತೂಗಾಡುತ್ತಿತ್ತು, ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು, ಬಾಗಿಲೊಂದು ದಢಾರನೆ ಹಾಕಿಕೊಂಡಿತು. ಎಫಿಗೆ ಅರವತ್ತೊಂದು ವರ್ಷ, ಮಂಡಿ ನೋವು. ಚರ್ಚಿನ ಮೂರು ಮೆಟ್ಟಿಲಿಗೇ ದೇವರನ್ನು ಕರೆಯುವವಳು.

ಮಾಡಲು ಇನ್ನೇನೂ ಉಳಿದಿರಲಿಲ್ಲ. ಸಿಗ್ನಲ್ಲಿನ ಕೈಮರವನ್ನು ಕೆಂಪಿಗೆ ಎಳೆದಳು, ಕೊರಕಲು ದಾಟುವವರೆಗೆ ಅದು ಡ್ರೈವರಿಗೆ ಕಾಣುವುದಿಲ್ಲ ಅಂತ ಗೊತ್ತಿದ್ದೂ ಎಳೆದಳು. ಪ್ಲಾಟ್‌ಫಾರಮ್ಮಿಗೆ ಬಂದರೆ ಲುದ್ಮಿಲಾ ಆಗಲೇ ನಿಂತಿದ್ದಳು, ಮೊಣಕೈವರೆಗೆ ಸೋಪಿನ ನೊರೆ, ಕಾಲಲ್ಲಿ ಚಪ್ಪಲಿಯಿಲ್ಲ. ಇಬ್ಬರೂ ಪೂರ್ವಕ್ಕೆ ನೋಡುತ್ತಾ ನಿಂತರು. ಹಳಿ ಬಿಸಿಲಿಗೆ ಹೊಳೆಯುತ್ತಿತ್ತು. ಗಾಳಿ ಬೆನ್ನಿಗೆ ಬಡಿಯುತ್ತಿತ್ತು, ಪೂರ್ವದಿಂದ ಏನೂ ಕೇಳಿಸುತ್ತಿರಲಿಲ್ಲ. ಒಂಬತ್ತು ಹದಿನೇಳು. ಒಂಬತ್ತು ಇಪ್ಪತ್ತು.

"ಇಷ್ಟು ಹೊತ್ತಿಗೆ ಆಗಿರ್ಬೇಕು ಅಲ್ವಾ?" ಅಂದಳು ಲುದ್ಮಿಲಾ. "ಆಗೋದಿದ್ರೆ."

"ಹೌದು," ಅಂದಳು ಲವೀನಾ. ಸುಳ್ಳು ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಊರಿನವರು ಒಬ್ಬೊಬ್ಬರೇ ಬಂದು ಹಿಂದೆ ನಿಂತರು. ಒಂಬತ್ತು ಇಪ್ಪತ್ತೆಂಟು. ಗಾಡಿ ನಿಲ್ಲದೆ ಬಂದಿದ್ದರೆ ಇಷ್ಟು ಹೊತ್ತಿಗೆ ಕಾಣಬೇಕಿತ್ತು. ಕಾಣಲಿಲ್ಲ ಅಂದರೆ ನಿಂತಿದೆ. ಎಫಿಯನ್ನು ಕಂಡು ನಿಂತಿತೋ, ಅವರ ಮೇಲೆ ಹಾಯ್ದು ನಿಂತಿತೋ? ಲವೀನಾ ಕಂಬ ಹಿಡಿದುಕೊಂಡಳು.

ಒಂಬತ್ತು ಮೂವತ್ತನಾಲ್ಕಕ್ಕೆ ಹೊಗೆ ಕಂಡಿತು. ಗಾಡಿ ಆಮೆಯ ಹಾಗೆ ಬಂತು. ಇಂಜಿನ್ನಿನ ಮುಂದಿನ ಹಲಗೆಯ ಮೇಲೆ ಜನ ಕೂತಿದ್ದರು. ಲುದ್ಮಿಲಾ ತನ್ನ ಭಾಷೆಯಲ್ಲಿ ಎಣಿಸತೊಡಗಿದಳು. ನಾಲ್ಕಕ್ಕೆ ನಿಂತಳು. ಇನ್ನೂ ಹತ್ತಿರ ಬಂದ ಮೇಲೆ ನಾಲ್ಕನೆಯದು ಎಫಿ ಅಂತ ಗೊತ್ತಾಯಿತು. ಅಂದರೆ ಮೂರು. ಲುದ್ಮಿಲಾ ಪ್ಲಾಟ್‌ಫಾರಮ್ಮಿನ ಹಲಗೆಯ ಮೇಲೆ ಕುಸಿದಳು. ಆಗ ಡ್ರೈವರಿನ ಕಿಟಕಿಯಿಂದ ಹ್ರುಸ್ಕಾನ ತಲೆ ಹೊರಬಂತು. ಅವನ ಪಕ್ಕದಲ್ಲಿ ಅವಳ ತಮ್ಮ, ಮುಖವೆಲ್ಲ ಮಸಿ, ಹಲ್ಲು ಬಿಟ್ಟುಕೊಂಡು. ಲುದ್ಮಿಲಾ ಕೂತಲ್ಲೇ ಗೊಳೋ ಅಂತ ಅತ್ತಳು.

ಎಫಿಯ ಕೈಯಲ್ಲಿ ಗಂಡನ ಕೆಂಪು ಫ್ಲಾನಲ್ ಒಳಚಡ್ಡಿ, ಉದ್ದಕಾಲಿನದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ಒಗೆದು ಹರವಿದ್ದೆ, ಅದೇ ಕೈಗೆ ಸಿಕ್ತು. ಬೇಲಿ ಹಾರ್ದೆ ಕಣ್ರೋ! ಈ ಮಂಡೀಲಿ!" ಅಂದಳು, ಅವಳಿಗೇ ನಂಬಿಕೆಯಿಲ್ಲದ ಹಾಗೆ. ಇಂಜಿನ್ನು ನಿಂತಾಗ ಟ್ರಾಲಿಗೂ ಅದಕ್ಕೂ ನಡುವೆ ನಲವತ್ತು ಹೆಜ್ಜೆ ಇತ್ತಂತೆ. ಜನ ಅಳುತ್ತಲೇ ನಕ್ಕರು.

ಗಾಡಿಯ ಗಾರ್ಡು ಕ್ಲೆಮ್ ಯೋಡರ್ ಪುಸ್ತಕ ಹಿಡಿದು ಕಿಟಕಿಗೆ ಬಂದ. "ಹದಿನಾರು ನಿಮಿಷ ತಡ ಆಯ್ತು. ಕಾರಣ ಬರೀಬೇಕು ಮಿಸ್ ಟ್ರಾಸ್ಕ್." ಸುತ್ತ ನೋಡಿ ದನಿ ತಗ್ಗಿಸಿದ. "ಹಸು ಅಡ್ಡ ಬಂತು ಅಂತ ಹಾಕ್ತೀನಿ. ನೀವು ತಂತೀಲಿ ಅದನ್ನೇ ಒತ್ತಿಬಿಡಿ."

"ನಮ್ಮ ಹಸುನೇ ಅನ್ನಿ," ಅಂದಳು ಎಫಿ. "ಅದು ಮೊದ್ಲಿಂದ್ಲೂ ಪೋಲಿ."

"ಹಸು," ಅಂದ ಇನ್ನೊಬ್ಬ. ಹ್ರುಸ್ಕಾ. ಆರು ವರ್ಷದಲ್ಲಿ ಅವಳ ಮುಖ ನೋಡಿ ಆಡಿದ ಮೊದಲ ಮಾತು ಅದು. ಜೇಬಿನಿಂದ ಚೀಟಿ ತೆಗೆದು ನಾಲ್ಕು ಚೂರು ಮಾಡಿ, ಪ್ರಯಾಣಿಕರ ಕೋಣೆಯ ಒಲೆಗೆ ಹಾಕಿದ. "ನಾನೂ ಓದ್ಲಿಲ್ಲ. ಓದ್ಬೇಕಿತ್ತು. ಹಸು ಅಂತ ಒತ್ತು."

ಇಡೀ ಊರು ಕಿಟಕಿಯ ಹೊರಗೆ ನಿಂತು ಅವಳ ಕೈ ನೋಡುತ್ತಿತ್ತು. ಲವೀನಾಗೆ ಆಸೆಯಾಯಿತು. ಆಗದೆ ಏನು? ನಲವತ್ತನಾಲ್ಕು ವರ್ಷ ಇದ್ದ ಮನೆ, ಅಪ್ಪ ಕೂತಿದ್ದ ಕುರ್ಚಿ, ಎತ್ತು ಹೂಡಿ ಎಳೆದು ತಂದ ಊರು. ಹಸು ಅಂತ ಒತ್ತಿದರೆ ಎಲ್ಲ ಉಳಿಯುತ್ತದೆ. ಬೆರಳು ಯಂತ್ರದ ಗುಂಡಿಯ ಮೇಲೆ ಇಟ್ಟಳು. ಒತ್ತಲಿಲ್ಲ.

"ಮೇಸ್ತ್ರಿ," ಅಂದಳು. "ನಾಳೆ ಬೆಳಗ್ಗೆ ನಾನು ಮತ್ತೆ ಚೀಟಿ ಬರೀತೀನಿ. ಹಸು ಅಂತ ಒತ್ತಿದ ಕೈಯೇ ಬರೆಯೋದು. ಅದನ್ನ ನಂಬಿ ಹೋಗ್ತೀಯಾ?"

ಹ್ರುಸ್ಕಾ ಒಲೆಯ ಕಡೆ ನೋಡಿದ.

"ನಾನು ಕಳ್ಸಲ್ಲ," ಅಂದಳು ಲುದ್ಮಿಲಾ ಬಾಗಿಲಿನಿಂದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಹೇಳ್ದೆ, ನಾನು ಫೋನು ಇಟ್ಟೆ. ಇಟ್ಮೇಲೆ ನಾನು ಏನಾಗಿದ್ದೆ ಅಂತ ನಂಗೊಬ್ಳಿಗೇ ಗೊತ್ತು. ಅದಕ್ಕೆ ಹಸು ಅಂತ ಹೆಸ್ರು ಇಡ್ಬೇಡಿ."

"ಥೂ, ಏನು ಹೆಂಗಸ್ರಪ್ಪಾ! ಊರೇ ಹೋಗುತ್ತಲ್ರೇ!" ಅಂದ ಸೆತ್ ಬೋಮನ್.

ಲವೀನಾ ಒತ್ತಿದಳು. ನಾನೂರ ಹನ್ನೆರಡು, ಹದಿನಾರು ನಿಮಿಷ ತಡ. ಬೆಳಗ್ಗೆ ಪಟ್ಟಿಯಲ್ಲಿದ್ದ ಗಾಡಿಯನ್ನು ಮೇಸ್ತ್ರಿಯ ಚೀಟಿಗೆ ಏಜೆಂಟು ಬರೆದಿರಲಿಲ್ಲ. ಗಾಡಿಯನ್ನು ಹಳಿಯ ಮೇಲೆ ಎಫಿ ಪಾರ್ಮ್‌ಲಿ ನಿಲ್ಲಿಸಿದರು. ಯಾರಿಗೂ ಪೆಟ್ಟಿಲ್ಲ. ತಪ್ಪು ನನ್ನದು, ಎಲ್. ಟ್ರಾಸ್ಕ್.

ಆಮೇಲೆ ಕಂಟ್ರೋಲರು ನಿಧಾನವಾಗಿ, ಹೊಸಬರಿಗೆ ಒತ್ತುವ ಹಾಗೆ ಒಂದೊಂದೇ ಅಕ್ಷರ ಒತ್ತಿದ. ಹನ್ನೆರಡು ವರ್ಷ ದಿನಾ ಅವಳ ಜೊತೆ ತಂತಿಯಲ್ಲಿ ಮಾತಾಡಿದವನು, ಮುಖ ನೋಡಿದವನಲ್ಲ. ಡಿಪೋಗೆ ಬೀಗ ಹಾಕಿ, ಬೀಗದ ಕೈಯನ್ನು ಊರಿನಲ್ಲಿರುವ ಕಂಪನಿಯ ಇನ್ನೊಬ್ಬ ನೌಕರನಿಗೆ ಒಪ್ಪಿಸಿ ಅಂತ ಬಂತು.

ಊರಿನಲ್ಲಿದ್ದ ಇನ್ನೊಬ್ಬ ನೌಕರ ಒಲೆಯ ಪಕ್ಕದಲ್ಲೇ ನಿಂತಿದ್ದ. ಲವೀನಾ ಸೊಂಟದಿಂದ ಬೀಗದ ಕೈ ಬಿಚ್ಚಿ ಕಿಟಕಿಯಿಂದ ಅವನ ಕಡೆ ಚಾಚಿದಳು.

"ನಂಗೆ ಬೇಡ," ಅಂದ ಹ್ರುಸ್ಕಾ.

"ನಂಗೂ ಕೊಡೋಕೆ ಇಷ್ಟ ಇಲ್ಲ ಕಣಯ್ಯಾ. ತಗೋ."

ತೆಗೆದುಕೊಂಡ. ಲವೀನಾ ಹ್ಯಾಟು ಹಾಕಿಕೊಂಡು ಹೊರಗೆ ಬಂದಳು, ಜನ ದಾರಿ ಬಿಟ್ಟರು. ಕೆಲವರು ಮುಖ ತಿರುಗಿಸಿದರು, ಅದನ್ನೂ ಹೇಳಬೇಕು. ಅವಳನ್ನು ಅಂದು ಮನೆಗೆ ಕರೆದವಳು ಲುದ್ಮಿಲಾ. ಹಿಂಬದಿಯ ಕೋಣೆಯಲ್ಲಿ ಬೇಸಿಗೆ ಮುಗಿಯುವವರೆಗೆ ಇರಿಸಿಕೊಂಡಳು.

ಜುಲೈ ತಿಂಗಳಿಗೆ ಡಿಪೋ ಮುಚ್ಚಲು ಕಂಪನಿಗೆ ಅಪ್ಪಣೆ ಸಿಕ್ಕಿತು. ಕೆನೆಯ ಕ್ಯಾನುಗಳು ಆರಿನ್ನಿಗೆ ಹೋಗತೊಡಗಿದವು, ಮುಂದಿನ ವರ್ಷ ಅಂಗಡಿಯೂ ಹೋಯಿತು. ಡಿಪೋದ ಕಿಟಕಿಗಳಿಗೆ ಹಲಗೆ ಹೊಡೆಯುವ ಕೆಲಸ ಹಳಿ ಗ್ಯಾಂಗಿನ ಪಾಲಿಗೆ ಬಂತು. ಲವೀನಾ ರಸ್ತೆಯ ಆಚೆ ನಿಂತು ಕೊನೆಯ ಮೊಳೆಯವರೆಗೂ ನೋಡಿದಳು. ಕೆಲಸಕ್ಕೆ ಐದು ಜನವೂ ಬಂದಿದ್ದರು.